ಮನೆಯ ಹಳೆಯ ನಾಣ್ಯ: ಅದರ ದರ್ಜೆ, ಅದರ ಬೆಲೆ

ನಾರಾಯಣಪೇಟೆ, ಮಕ್ತಲ್, ಗದ್ವಾಲ ಸೀಮೆಯ ನಮ್ಮ ಹಳೆಯ ಮನೆಗಳಲ್ಲಿ ದೇವರ ಪೆಟ್ಟಿಗೆಯ ತಳದಲ್ಲಿಯೋ ಹಿರಿಯರ ಸಂದೂಕದ ಮೂಲೆಯಲ್ಲಿಯೋ ನಾಲ್ಕಾರು ಬೆಳ್ಳಿಯ ರೂಪಾಯಿಗಳು ಇರುವುದುಂಟು. ದೀಪಾವಳಿಯ ಲಕ್ಷ್ಮೀಪೂಜೆಗೆ ಅವು ಹೊರಬರುತ್ತವೆ. ಹುಣಿಸೆಹಣ್ಣಿನಲ್ಲಿ ತಿಕ್ಕಿಸಿಕೊಂಡು ಫಳಫಳಿಸುತ್ತವೆ. ಮದುವೆಯೋ ಕಾಯಿಲೆಯೋ ಬಂದ ವರ್ಷ ಸರಾಫರ ತಕ್ಕಡಿಯನ್ನು ಏರುತ್ತವೆ. ಈ ಹುಣಿಸೆಹಣ್ಣು ಮತ್ತು ಈ ತಕ್ಕಡಿ, ಇವೆರಡರ ನಡುವೆ ಎಷ್ಟೋ ಮನೆಗಳ ನಾಣ್ಯಗಳು ತಮ್ಮ ನಿಜವಾದ ಬೆಲೆಯನ್ನು ಕಳೆದುಕೊಂಡಿವೆ. ಆದುದರಿಂದ ನಾಣ್ಯವನ್ನು ನೋಡುವ ಬಗೆಯನ್ನು ನಾವು ತುಸು ಅರಿತಿರುವುದು ಒಳ್ಳೆಯದು.

ಯಾರ ನಾಣ್ಯ?

ಮೊದಲು ನಾಣ್ಯದ ಕುಲವನ್ನು ತಿಳಿಯಬೇಕು. ನಮ್ಮ ಭಾಗದಲ್ಲಿ ಮೂರು ಬಗೆಯ ರೂಪಾಯಿಗಳು ಹೆಚ್ಚಾಗಿ ಕಾಣುತ್ತವೆ. ರಾಣಿಯ ಅಥವಾ ರಾಜನ ತಲೆಯುಳ್ಳದ್ದು ಬ್ರಿಟಿಷರ ಕಲ್ದಾರ್ ರೂಪಾಯಿ. ಇದರ ತೂಕ ಸರಿಯಾಗಿ ಒಂದು ತೊಲ, ಅಂದರೆ 11.66 ಗ್ರಾಂ, ನೂರಕ್ಕೆ ಸುಮಾರು 92 ಪಾಲು ಬೆಳ್ಳಿ. ಚಾರ್‌ಮಿನಾರಿನ ಚಿತ್ರವುಳ್ಳದ್ದು ನಿಜಾಮರ ಹಾಲಿ ಸಿಕ್ಕಾ. ಇದರ ತೂಕ 11.18 ಗ್ರಾಂ, ಬೆಳ್ಳಿ ನೂರಕ್ಕೆ ಸುಮಾರು 82 ಪಾಲು. ಲೆಕ್ಕ ಹಾಕಿದರೆ ಏಳು ಹಾಲಿಯ ಬೆಳ್ಳಿ ಆರು ಕಲ್ದಾರಿನ ಬೆಳ್ಳಿಗೆ ಹೆಚ್ಚುಕಡಿಮೆ ಸಮನಾಗುತ್ತದೆ. ಏಳು ಹಾಲಿಗೆ ಆರು ಕಲ್ದಾರ್ ಎಂಬ ಹಿಂದಿನ ವಿನಿಮಯದ ದರವೂ ಇದೇ ಆಗಿತ್ತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಎರಡೂ ನಾಣ್ಯಗಳ ಬೆಳ್ಳಿ ಅರ್ಧಕ್ಕೆ ಇಳಿಯಿತು. ಆದುದರಿಂದ ಇಸವಿಯನ್ನು ಓದದೆ ಬೆಲೆ ಕಟ್ಟಲಾಗದು.

ಹಾಲಿಯ ಮೇಲಿರುವುದು ಹಿಜರಿ ವರ್ಷ, ಅದೂ ಉರ್ದು ಅಂಕಿಗಳಲ್ಲಿ. ನಿಜಾಮರ ಕಾಲದ ಶಾಲೆಗಳಲ್ಲಿ ಉರ್ದು ಓದಿದ ಹಿರಿಯರಿಗೆ ಇದು ಸಲೀಸಾಗಿತ್ತು, ನಾವು ಕಲಿಯಬೇಕಾಗಿದೆ. ಹಿಜರಿ ವರ್ಷವನ್ನು 0.97ರಿಂದ ಗುಣಿಸಿ 622 ಕೂಡಿಸಿದರೆ ಕ್ರಿಸ್ತಶಕ ದೊರೆಯುತ್ತದೆ. 1337 ಎಂದಿದ್ದರೆ 1918-19. ಚಾರ್‌ಮಿನಾರಿನ ಬಾಗಿಲಲ್ಲಿ ‘ಮೀಮ್’ ಅಕ್ಷರವಿದ್ದರೆ ಮಹಬೂಬ್ ಅಲಿ ಖಾನರದು, ‘ಐನ್’ ಇದ್ದರೆ 1911ರಲ್ಲಿ ಪಟ್ಟಕ್ಕೆ ಬಂದ ಉಸ್ಮಾನ್ ಅಲಿ ಖಾನರದು.

ಮೂರನೆಯ ಬಗೆ ನಮ್ಮ ಊರುಗಳದ್ದೇ. ಗದ್ವಾಲ ಸಂಸ್ಥಾನಕ್ಕೆ ತನ್ನದೇ ರೂಪಾಯಿಯಿತ್ತು. ಅದು ರಾಯಚೂರು ಸೀಮೆಯಲ್ಲಿಯೂ ಚಲಾವಣೆಯಲ್ಲಿತ್ತು. ಗದ್ವಾಲವು 1956ರವರೆಗೆ ರಾಯಚೂರು ಜಿಲ್ಲೆಗೇ ಸೇರಿತ್ತೆಂಬುದನ್ನು ಇಲ್ಲಿ ನೆನೆಯಬಹುದು. ನಾರಾಯಣಪೇಟೆಯಲ್ಲಿಯೂ ಟಂಕಸಾಲೆ ಇತ್ತು. ಅದರ ನಾಣ್ಯಗಳ ಮೇಲೆ ಊರಿನ ಹೆಸರು ‘ದಿಲ್‌ಶಾದಾಬಾದ್’ ಎಂದಿದೆ. ಮೊಗಲ್ ಬಾದಶಹರ ಹೆಸರಿನಲ್ಲಿ ಪಾರಸೀ ಲಿಪಿಯಲ್ಲಿ ಅಚ್ಚಾದ ಇವು, ಸುತ್ತಿಗೆಯ ಪೆಟ್ಟಿನಿಂದ ಮೂಡಿದ ದಪ್ಪನೆಯ ಒರಟು ಬಿಲ್ಲೆಗಳು. ಅಚ್ಚು ದೊಡ್ಡದು, ಬಿಲ್ಲೆ ಚಿಕ್ಕದು; ಆದುದರಿಂದ ಬರಹದ ಒಂದು ಭಾಗ ಮಾತ್ರ ಬಿದ್ದಿರುತ್ತದೆ. ಊರಿನ ಹೆಸರೂ ವರ್ಷವೂ ಪೂರ್ತಿ ಕಾಣುವ ನಾಣ್ಯ ಅಪರೂಪ. ಅದರ ಬೆಲೆಯೂ ಅಷ್ಟೇ ಹೆಚ್ಚು. ಅಂದಗೇಡಿಯೆಂದು ಮೊದಲು ಕರಗಿಸಲ್ಪಡುವುದೂ ಇದೇ ನಾಣ್ಯವೆಂಬುದು ವಿಷಾದದ ಸಂಗತಿ.

ದರ್ಜೆ ಎಂದರೇನು?

ಟಂಕಸಾಲೆಯಿಂದ ಹೊರಬಂದ ದಿನದ ರೂಪವನ್ನು ನಾಣ್ಯವು ಎಷ್ಟರಮಟ್ಟಿಗೆ ಉಳಿಸಿಕೊಂಡಿದೆ ಎಂಬುದರ ಅಳತೆಯೇ ದರ್ಜೆ. ಚಲಾವಣೆಯನ್ನೇ ಕಾಣದ್ದು ‘ಅನ್‌ಸರ್ಕ್ಯುಲೇಟೆಡ್’. ಅದರ ಕೆಳಗೆ ‘ಎಕ್ಸ್‌ಟ್ರೀಮ್‌ಲಿ ಫೈನ್’, ‘ವೆರಿ ಫೈನ್’, ‘ಫೈನ್’ ಎಂದು ಮೆಟ್ಟಿಲುಗಳಿವೆ. ಅಮೆರಿಕದ ವಿಲಿಯಂ ಶೆಲ್ಡನ್ ಅವರು 1949ರಲ್ಲಿ ರೂಪಿಸಿದ 1ರಿಂದ 70ರವರೆಗಿನ ಅಂಕದ ಅಳತೆಯನ್ನೂ ಇಂದು ಬಳಸುತ್ತಾರೆ. ಸವೆತ ಮೊದಲು ತೋರುವುದು ಎತ್ತರದ ಭಾಗಗಳಲ್ಲಿ. ಕಲ್ದಾರಿನಲ್ಲಿ ಕೂದಲಿನ ಎಳೆ, ಕಿರೀಟದ ಕುಸುರಿ. ಹಾಲಿಯಲ್ಲಿ ಮಿನಾರುಗಳ ಗೆರೆ, ಕಮಾನಿನ ಅಂಚು. ಕಿಟಕಿಯ ಬೆಳಕಿನಲ್ಲಿ ಭೂತಗನ್ನಡಿ ಹಿಡಿದು ನಾಣ್ಯವನ್ನು ಓರೆಯಾಗಿ ತಿರುಗಿಸಿದರೆ ಇವು ತಿಳಿಯುತ್ತವೆ.

ಬೆಳ್ಳಿಯನ್ನು ಪರೀಕ್ಷಿಸಲು ಸರಾಫರು ಹಾಕಿದ ಉಳಿಯ ಕಚ್ಚು, ಕಾಸಿನ ಸರಕ್ಕಾಗಿ ಬೆಸೆದ ಕುಣಿಕೆ, ಕೊರೆದ ತೂತು, ಇವೆಲ್ಲ ದರ್ಜೆಯನ್ನು ಇಳಿಸುತ್ತವೆ. ಇವುಗಳಂತೆಯೇ ಇಳಿಸುವುದು ತಿಕ್ಕುವಿಕೆ. ಕಾಲಕ್ರಮದಲ್ಲಿ ಬೆಳ್ಳಿಯ ಮೇಲೆ ಕೂಡುವ ಕಪ್ಪು ಛಾಯೆ ಕೊಳೆಯಲ್ಲ. ಬಲ್ಲವರು ಅದನ್ನು ಗುಣವೆಂದೇ ಎಣಿಸುತ್ತಾರೆ. ಹುಣಿಸೆಹಣ್ಣಿನ ಹುಳಿಯೂ ಬೂದಿಯ ಒರಟೂ ಆ ಛಾಯೆಯೊಡನೆ ಮೇಲ್ಮೈಯ ಮೂಲ ಹೊಳಪನ್ನೂ ತೆಗೆದುಬಿಡುತ್ತವೆ. ಒಮ್ಮೆ ಹೋದದ್ದು ಮರಳದು. ನಮ್ಮ ತಾಯಂದಿರಲ್ಲಿ ಇಷ್ಟೇ ವಿನಂತಿ: ಪೂಜೆಗೆ ನಾಣ್ಯಗಳನ್ನು ಇದ್ದಂತೆಯೇ ಇಡಿರಿ, ಅರಿಸಿನ ಕುಂಕುಮವನ್ನು ತಟ್ಟೆಗೆ ಏರಿಸಿರಿ.

ಬೆಲೆ ಕಟ್ಟುವಾಗ

ಸರಾಫರು ಕೊಡುವುದು ಲೋಹದ ಬೆಲೆ. ಅದು ತಪ್ಪಲ್ಲ, ಅವರ ವ್ಯಾಪಾರವೇ ಅದು. ಸಂಗ್ರಾಹಕರು ಕೊಡುವುದು ಅಪರೂಪಕ್ಕೆ ಮತ್ತು ದರ್ಜೆಗೆ. ಸವೆದುಹೋದ ಸಾಮಾನ್ಯ ವರ್ಷದ ಕಲ್ದಾರಿಗೆ ಬೆಳ್ಳಿಯ ಬೆಲೆಗಿಂತ ಹೆಚ್ಚೇನೂ ದೊರೆಯಲಾರದು. ಹಳತಾದ ಮಾತ್ರಕ್ಕೆ ಲಕ್ಷ ಬಾಳುತ್ತದೆಂಬುದು ಭ್ರಮೆ. ಮೊದಲು ತೂಕ ನೋಡಿರಿ. ಬಳಿಕ ಅಂಚು ನೋಡಿರಿ. ಎರಕ ಹೊಯ್ದ ನಕಲಿಗೆ ಅಂಚಿನಲ್ಲಿ ಸೀಳುಗೆರೆ, ಮೈಯಲ್ಲಿ ಸಣ್ಣ ಕುಳಿಗಳು ಇರುತ್ತವೆ. ಊರಿನ ಹೆಸರು ಓದಲಾಗದ ನಾಣ್ಯವಿದ್ದರೆ, ಪಾರಸೀ ಬಲ್ಲವರಿಗೂ ನಾಣ್ಯ ಬಲ್ಲ ಇಬ್ಬರಿಗಾದರೂ ತೋರಿಸದೆ ಮಾರಬೇಡಿರಿ. ಹೈದರಾಬಾದಿನ ಸೈಫಾಬಾದ್ ಟಂಕಸಾಲೆಯ ಹಳೆಯ ಕಟ್ಟಡದಲ್ಲಿ 2022ರಲ್ಲಿ ನಾಣ್ಯಗಳ ವಸ್ತುಸಂಗ್ರಹಾಲಯ ತೆರೆಯಿತು. ಮಕ್ಕಳೊಡನೆ ಹೋಗಿ ನೋಡಿದರೆ ಕಣ್ಣು ಪಳಗುತ್ತದೆ.

ಬೆಳ್ಳಗಿರುವುದೆಲ್ಲ ಹಾಲಲ್ಲ. ಈಸ್ಟ್ ಇಂಡಿಯಾ ಕಂಪನಿ, 1818 ಎಂದು ಬರೆದು ಹನುಮಂತನನ್ನೋ ರಾಮಸೀತೆಯರನ್ನೋ ಮೂಡಿಸಿದ ತಾಮ್ರದ ಬಿಲ್ಲೆಗಳನ್ನು ಕಂಪನಿ ಎಂದೂ ಅಚ್ಚು ಹಾಕಿಸಲಿಲ್ಲ. ಅಕ್ಕಿಯನ್ನು ಸೆಳೆಯುವ ನಾಣ್ಯವೆಂಬುದು ಶುದ್ಧ ಮೋಸ. ಹಳೆಯ ನಾಣ್ಯ ಕೊಳ್ಳುವೆವೆಂದು ರಿಸರ್ವ್ ಬ್ಯಾಂಕಿನ ಹೆಸರು ಹೇಳಿ ಮುಂಗಡ ಶುಲ್ಕ ಕೇಳುವವರ ಬಗ್ಗೆ ಆ ಬ್ಯಾಂಕೇ 2021ರಲ್ಲಿ ಎಚ್ಚರಿಕೆ ನೀಡಿದೆ. ಹೊಲದಲ್ಲಿ ದೊರೆತ ನಿಧಿಯನ್ನು ಸರಕಾರಕ್ಕೆ ತಿಳಿಸತಕ್ಕದ್ದು. ನೂರು ವರ್ಷ ಮೀರಿದ ನಾಣ್ಯವನ್ನು ವಿದೇಶದಲ್ಲಿರುವ ಮಕ್ಕಳಿಗೆ ಕಳಿಸುವುದಕ್ಕೂ 1972ರ ಪುರಾವಸ್ತು ಕಾನೂನು ಅಡ್ಡಿಯಾಗುತ್ತದೆ.

ಹಾಲಿ ಸಿಕ್ಕಾದ ಮಾನ್ಯತೆ 1959ರಲ್ಲಿ ಮುಗಿಯಿತು. ಅದನ್ನು ಎಣಿಸಿ ಸಂತೆ ಮಾಡಿದವರು ಈಗ ನಮ್ಮಲ್ಲಿ ಬೆರಳೆಣಿಕೆಯಷ್ಟು. ಪ್ರತಿಯೊಂದು ನಾಣ್ಯವನ್ನೂ ಬೇರೆ ಬೇರೆ ಕಾಗದದಲ್ಲಿ ಸುತ್ತಿ, ಯಾರಿಂದ ಬಂತು, ಯಾವ ಸಂದರ್ಭದ್ದು ಎಂಬುದನ್ನು ಹಿರಿಯರಿಂದ ಕೇಳಿ ಎರಡು ಸಾಲು ಬರೆದಿಡೋಣ. ಮಾರುವ ಪ್ರಸಂಗ ಬಂದರೆ ಅದರಿಂದ ನಷ್ಟವಿಲ್ಲ. ಮಾರದೆ ಉಳಿದರೆ ಮೊಮ್ಮಕ್ಕಳಿಗೆ ನಾರಾಯಣಪೇಟೆ, ಗದ್ವಾಲಗಳ ಚರಿತ್ರೆ ಮನೆಯಲ್ಲಿಯೇ ದೊರೆಯುತ್ತದೆ.