ಪೈಥಾನ್ ಕಲಿಯುವ ಮಕ್ಕಳಿಗೆ ಮನೆಯ ಲೆಕ್ಕವೇ ಪಾಠ

ಪಿಯುಸಿ ಫಲಿತಾಂಶ ಬಂದ ಕೂಡಲೇ ನಮ್ಮ ಮನೆಗಳಲ್ಲಿ ಒಂದು ಪ್ರಶ್ನೆ ಏಳುತ್ತದೆ: 'ಮಗನನ್ನು ಯಾವ ಕಂಪ್ಯೂಟರ್ ಕೋರ್ಸಿಗೆ ಹಾಕುವುದು?' ಮಗಳಿದ್ದರೆ ಪ್ರಶ್ನೆ ಸ್ವಲ್ಪ ಬದಲಾಗುತ್ತದೆ: 'ಮನೆಯಲ್ಲೇ ಕೂತು ಕಲೀಲಿಕ್ಕೆ ಆಗುವಂಥದ್ದು ಏನಾದರೂ ಉಂಟಾ?' ಸಾಲ ಮಾಡಿ ಫೀಸು ಕಟ್ಟುವ ಮನೆಗಳೂ ಇವೆ. ಕೆಲವು ತಿಂಗಳಲ್ಲಿ ಸರ್ಟಿಫಿಕೇಟ್ ಬರುತ್ತದೆ. ಆದರೆ 'ಅಂಗಡಿಯ ಒಂದು ವಾರದ ವ್ಯಾಪಾರ ಕೂಡಿಸಿ ತೋರಿಸು' ಅಂದರೆ ಎಷ್ಟೋ ಮಕ್ಕಳು ತಡಬಡಾಯಿಸುತ್ತಾರೆ. ಹೆಸರುಗಳನ್ನೆಲ್ಲ ಬಾಯಿಪಾಠ ಮಾಡಿರುತ್ತಾರೆ, ಕೈಯಾರೆ ಬಳಸಿರುವುದಿಲ್ಲ.

ಇವತ್ತು ಹೆಚ್ಚಿನವರು ಮೊದಲು ಕಲಿಯುವ ಭಾಷೆ ಪೈಥಾನ್. ನೆದರ್‌ಲ್ಯಾಂಡ್ಸ್‌ನ ಗೀಡೊ ವಾನ್ ರೋಸಮ್ ಇದನ್ನು 1991ರಲ್ಲಿ ಹೊರತಂದರು. ಬಳಸಲಿಕ್ಕೆ ಒಂದು ರೂಪಾಯಿಯೂ ಕೊಡಬೇಕಾಗಿಲ್ಲ. ಇದರೊಳಗೆ ಸುಮಾರು 70 ಬಿಲ್ಟ್-ಇನ್ ಫಂಕ್ಷನ್‌ಗಳಿವೆ. ಅಂದರೆ, ನಾವು ಹೊಸದಾಗಿ ಬರೆಯಬೇಕಾಗಿಲ್ಲದ, ಹೆಸರು ಹೇಳಿದರೆ ಕೆಲಸ ಮಾಡುವ ಸಿದ್ಧ ಸಾಧನಗಳು. ಅಡುಗೆಮನೆಯ ಮಿಕ್ಸಿ ಇದ್ದ ಹಾಗೆ: ಒಳಗಿನ ಮೋಟಾರು ಹೇಗೆ ತಿರುಗುತ್ತದೆ ಅಂತ ಗೊತ್ತಿರಬೇಕಾಗಿಲ್ಲ, ಏನು ಹಾಕಬೇಕು, ಏನು ಹೊರಬರುತ್ತದೆ ಅಂತ ಗೊತ್ತಿದ್ದರೆ ಸಾಕು. ಶುರುವಿಗೆ ಎಪ್ಪತ್ತೂ ಬೇಡ, ಹತ್ತು ಸಾಕು.

ಒಂದು ವಾರದ ವ್ಯಾಪಾರ

ಶನಿವಾರದಿಂದ ಶುಕ್ರವಾರದವರೆಗಿನ ಅಂಗಡಿ ವ್ಯಾಪಾರ ಹೀಗಿದೆ ಅಂತ ಇಟ್ಟುಕೊಳ್ಳೋಣ: 4200, 3850, 5100, 3600, 6300, 4750, 2900. ಇವನ್ನು ಒಂದು ಪಟ್ಟಿಯಾಗಿ ಕೊಟ್ಟರೆ 'ಸಮ್' ಎಂಬ ಫಂಕ್ಷನ್ 30700 ಎಂದು ಒಟ್ಟು ಕೊಡುತ್ತದೆ. 'ಲೆನ್' ಎಷ್ಟು ಸಂಖ್ಯೆಗಳಿವೆ ಅಂತ ಎಣಿಸಿ 7 ಎನ್ನುತ್ತದೆ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ ದಿನದ ಸರಾಸರಿ. 'ರೌಂಡ್' ಬಳಸಿ ಪೈಸೆಗೆ ಇಳಿಸಿದರೆ 4385.71. 'ಮ್ಯಾಕ್ಸ್' 6300 ಎಂದೂ 'ಮಿನ್' 2900 ಎಂದೂ ಹೇಳುತ್ತವೆ. 'ಸಾರ್ಟೆಡ್' ಕಡಿಮೆಯಿಂದ ಹೆಚ್ಚಿಗೆ ಸಾಲಾಗಿ ಜೋಡಿಸಿಕೊಡುತ್ತದೆ. ಉತ್ತರವನ್ನು ಪರದೆಯ ಮೇಲೆ ತೋರಿಸುವುದು 'ಪ್ರಿಂಟ್'.

ಆದರೆ 2900 ಯಾಕೆ ಬಂತು? ಶುಕ್ರವಾರ ಜುಮಾಕ್ಕೆ ಅಂಗಡಿ ಮುಚ್ಚಿದ್ದು 'ಮಿನ್'ಗೆ ಗೊತ್ತಿಲ್ಲ, ಅಂಗಡಿಯವರಿಗೆ ಗೊತ್ತು. ಅದಕ್ಕೇ ಮನೆಯ ಲೆಕ್ಕದಿಂದ ಕಲಿಯಬೇಕು ಅನ್ನುವುದು. ಉತ್ತರ ಸರಿಯೋ ತಪ್ಪೋ ಅಂತ ಹೇಳಲಿಕ್ಕೆ ಪಕ್ಕದಲ್ಲೇ ಒಬ್ಬರು ಇರುತ್ತಾರೆ.

500ಕ್ಕೆ 300 ಕೂಡಿಸಿದರೆ 500300!

ಬಳಸುವವರಿಂದ ಸಂಖ್ಯೆ ಕೇಳಿ ಪಡೆಯಲು 'ಇನ್‌ಪುಟ್' ಉಂಟು. ಮೊದಲ ವಾರ ಎಲ್ಲರೂ ಎಡವುವ ಜಾಗ ಇದು. ನಾವು 500 ಮತ್ತು 300 ಅಂತ ಟೈಪ್ ಮಾಡಿ ಕೂಡಿಸಲು ಹೇಳಿದರೆ ಬರುವ ಉತ್ತರ 800 ಅಲ್ಲ, 500300. 'ಇನ್‌ಪುಟ್' ಏನೇ ತಂದರೂ ಅದನ್ನು ಅಕ್ಷರವೆಂದೇ ತರುತ್ತದೆ, ಹಾಗಾಗಿ ಎರಡನ್ನೂ ಅಕ್ಕಪಕ್ಕ ಅಂಟಿಸಿಬಿಡುತ್ತದೆ. ಮೊದಲು 'ಇಂಟ್'ನಿಂದ ಪೂರ್ಣ ಸಂಖ್ಯೆಯಾಗಿಸಬೇಕು, ಪೈಸೆ ಇದ್ದರೆ 'ಫ್ಲೋಟ್' ಬಳಸಬೇಕು. ಅನುಮಾನ ಬಂದಾಗ 'ಟೈಪ್' ಎಂಬುದಕ್ಕೆ ಕೊಟ್ಟರೆ ಅದು ಅಕ್ಷರವೋ ಸಂಖ್ಯೆಯೋ ಅಂತ ಹೇಳಿಬಿಡುತ್ತದೆ.

'ರೌಂಡ್' ಸಹ ಒಂದು ವಿಷಯದಲ್ಲಿ ಶಾಲೆಯ ಲೆಕ್ಕಕ್ಕಿಂತ ಬೇರೆ. 3.5ನ್ನು ಕೊಟ್ಟರೆ 4 ಬರುತ್ತದೆ, 2.5ನ್ನು ಕೊಟ್ಟರೆ 2 ಬರುತ್ತದೆ. ಸರಿಯಾಗಿ ಅರ್ಧವಿದ್ದಾಗ ಅದು ಹತ್ತಿರದ ಸಮಸಂಖ್ಯೆಗೆ ಹೋಗುತ್ತದೆ. ಪ್ರತಿ ಸಲವೂ ಮೇಲಕ್ಕೇ ಏರಿಸಿದರೆ ದೊಡ್ಡ ಲೆಕ್ಕದಲ್ಲಿ ಮೊತ್ತ ಉಬ್ಬುತ್ತದೆ ಎಂಬುದೇ ಕಾರಣ.

ಇನ್ನೊಂದು ಎಚ್ಚರಿಕೆ. ತಾವು ಬರೆಯುವ ಮೊತ್ತಕ್ಕೆ ಮಕ್ಕಳು 'ಸಮ್' ಅಂತಲೇ ಹೆಸರಿಡುವುದುಂಟು. ಆಮೇಲೆ ಆ ಪ್ರೋಗ್ರಾಮಿನಲ್ಲಿ ನಿಜವಾದ 'ಸಮ್' ಕರೆದರೆ ಓಡಿ ಬರುವುದಿಲ್ಲ, ಎರರ್ ಬರುತ್ತದೆ. 'ಒಟ್ಟು' ಅಂತ ಬೇರೆ ಹೆಸರು ಕೊಟ್ಟರೆ ಮುಗಿಯಿತು.

ಝಕಾತ್ ಲೆಕ್ಕ

ರಮಝಾನಿನಲ್ಲಿ ಇದೇ ಕಲಿಕೆ ಇನ್ನೊಮ್ಮೆ ಕೆಲಸಕ್ಕೆ ಬರುತ್ತದೆ. ಝಕಾತ್ ಕೊಡಬೇಕಾದ ಮೊತ್ತಗಳನ್ನು ಪಟ್ಟಿ ಮಾಡಿ 'ಸಮ್' ಹಾಕಿ, 0.025ರಿಂದ ಗುಣಿಸಿದರೆ ಶೇ. 2.5 ಸಿಗುತ್ತದೆ, 2 ಲಕ್ಷಕ್ಕೆ 5000 ರೂಪಾಯಿ. ಆದರೆ ಯಾವುದು ಪಟ್ಟಿಯಲ್ಲಿರಬೇಕು, ನಿಸಾಬ್ ತಲುಪಿದೆಯೇ, ವರ್ಷ ತುಂಬಿದೆಯೇ ಅಂತ ಪೈಥಾನ್ ಕೇಳುವುದಿಲ್ಲ. ಅದನ್ನು ಉಸ್ತಾದರ ಹತ್ತಿರ ಕೇಳಿಯೇ ಪಟ್ಟಿ ಮಾಡಬೇಕು. ತಪ್ಪು ಪಟ್ಟಿ ಕೊಟ್ಟರೂ ಯಂತ್ರ ಅಷ್ಟೇ ಧೈರ್ಯದಿಂದ ಉತ್ತರ ಕೊಡುತ್ತದೆ.

ಲೆಕ್ಕಕ್ಕೂ ದೀನಿಗೂ ಇರುವ ಈ ನಂಟು ಹೊಸದಲ್ಲ. 9ನೇ ಶತಮಾನದ ಬಗ್ದಾದಿನಲ್ಲಿ ಅಲ್ ಖವಾರಿಝ್ಮಿ ಬೀಜಗಣಿತದ ಗ್ರಂಥ ಬರೆದಾಗ ವ್ಯಾಪಾರ ಮತ್ತು ವಾರಸು ಪಾಲಿನ ಲೆಕ್ಕವನ್ನೂ ಅದರಲ್ಲಿ ಸೇರಿಸಿದ್ದರು. ಇಂದಿನ ಕಂಪ್ಯೂಟರ್ ತರಗತಿಗಳಲ್ಲಿ ದಿನಾ ಕೇಳಿಬರುವ 'ಅಲ್ಗಾರಿದಮ್' ಎಂಬ ಪದ ಬಂದದ್ದು ಅವರ ಹೆಸರಿನಿಂದಲೇ.

ಫೀಸು ಕಟ್ಟುವ ಮೊದಲು

ಕಲಿಯಲಿಕ್ಕೆ ಲ್ಯಾಪ್‌ಟಾಪ್ ಇಲ್ಲದಿದ್ದರೂ ಶುರು ಮಾಡಬಹುದು. ಗೂಗಲ್ ಕೊಲ್ಯಾಬ್ ಮೊಬೈಲಿನ ಬ್ರೌಸರಿನಲ್ಲೇ ತೆರೆಯುತ್ತದೆ. ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್‌ನಲ್ಲಿ ಪೈಥಾನ್ ಪಾಠಗಳು ಉಚಿತ. ಒಂದು ಫಂಕ್ಷನ್ ಮರೆತರೆ 'ಹೆಲ್ಪ್' ಒಳಗೆ ಅದರ ಹೆಸರು ಹಾಕಿದರೆ ವಿವರಣೆ ಬರುತ್ತದೆ. ಇಂಗ್ಲಿಷ್‌ನಲ್ಲಿ ಬರುವುದರಿಂದ ಮೊದಲು ಸ್ವಲ್ಪ ಕಷ್ಟ, ಓದುತ್ತಾ ಹೋದರೆ ರೂಢಿಯಾಗುತ್ತದೆ.

ದಿನಕ್ಕೆ ಒಂದು ಫಂಕ್ಷನ್, ಅದಕ್ಕೆ ಮನೆಯದ್ದೇ ಒಂದು ಲೆಕ್ಕ. ಕರೆಂಟ್ ಬಿಲ್, ಹಾಲಿನ ಲೆಕ್ಕ, ಮಸೀದಿಯ ವಂತಿಗೆ, ಮದುವೆ ಖರ್ಚು, ಏನೂ ಆಗಬಹುದು. ಹತ್ತು ದಿನ ಬಿಟ್ಟು ಉಮ್ಮನಾಗಲಿ ಬಾಪನಾಗಲಿ ಪಕ್ಕದಲ್ಲಿ ಕೂತು 'ಈ ತಿಂಗಳ ಲೆಕ್ಕ ತೋರಿಸು ನೋಡುವ' ಅನ್ನಬೇಕು. ಮಗ ಅಥವಾ ಮಗಳು ತೋರಿಸಿ, ಹೇಗೆ ಬಂತು ಅಂತ ವಿವರಿಸಿದರೆ ಮುಂದಿನ ಕೋರ್ಸಿಗೆ ಹಣ ಕಟ್ಟಬಹುದು.