ಬಂದು ಹೋಗುವ ಕಾಮಾಲೆ: ಮೇದೋಜೀರಕ ಗ್ರಂಥಿಯ ಉರಿಯೂತ ಮತ್ತು ಪಿತ್ತನಾಳದ ಸಂಕುಚನ

ಹಾಸನ ಜಿಲ್ಲೆಯ ಅರಸೀಕೆರೆ, ಬೇಲೂರು, ಹಳೇಬೀಡು ಸೀಮೆಯಲ್ಲಿ, ನಾಡಿನ ಇತರೆಡೆಗಳಂತೆಯೇ, ಕಣ್ಣು ಹಳದಿಯಾದರೆ ಅದನ್ನು ಅರಿಶಿನ ಕಾಮಾಲೆಯೆಂದು ಗುರುತಿಸಿ ನಾಟಿ ಔಷಧಿ ಕೊಟ್ಟು ಪಥ್ಯ ಮಾಡಿಸುವ ರೂಢಿಯುಂಟು. ವೈರಾಣು ಸೋಂಕಿನ ಕಾಮಾಲೆ ಬಹುಮಟ್ಟಿಗೆ ತಾನಾಗಿಯೇ ಶಮನವಾಗುವುದರಿಂದ ಈ ರೂಢಿಗೆ ವಿಶ್ವಾಸವೂ ದೊರೆತಿದೆ. ಆದರೆ ಮೇಲುನೋಟಕ್ಕೆ ಇಳಿದು, ರೋಗವನ್ನು ಒಳಗೇ ಉಳಿಸಿಹೋಗುವ ಇನ್ನೊಂದು ಕಾಮಾಲೆಯಿದೆ. ಮೇದೋಜೀರಕ ಗ್ರಂಥಿಯ ದೀರ್ಘಕಾಲಿಕ ಉರಿಯೂತದ ತೊಡಕಾಗಿ ಪಿತ್ತನಾಳ ಕಿರಿದಾದಾಗ ಕಾಣಿಸಿಕೊಳ್ಳುವ ಕಾಮಾಲೆ ಅದು.

ಯಕೃತ್ತಿನಿಂದ ಪಿತ್ತರಸವನ್ನು ತರುವ ನಾಳವು ಸಣ್ಣ ಕರುಳನ್ನು ಸೇರುವ ಮುನ್ನ ಮೇದೋಜೀರಕ ಗ್ರಂಥಿಯ ತಲೆಭಾಗದ ಹಿಂಬದಿಯಲ್ಲಿ, ಹೆಚ್ಚಿನವರಲ್ಲಿ ಅದರೊಳಗೇ ಹುದುಗಿ, ಸಾಗುತ್ತದೆ. ಗ್ರಂಥಿಯು ಮತ್ತೆ ಮತ್ತೆ ಉರಿಯೂತಕ್ಕೊಳಗಾದಾಗ ಅಲ್ಲಿ ನಾರಿನಂತಹ ಗಟ್ಟಿ ಅಂಗಾಂಶ ಬೆಳೆಯುತ್ತದೆ. ಸುಣ್ಣದ ಕಲ್ಲುಗಳೂ ಕೂಡಿಕೊಳ್ಳುತ್ತವೆ. ನಾಳ ಹಿಂಡಿದಂತಾಗುತ್ತದೆ. ಊತದಿಂದ ಉಂಟಾದ ಒತ್ತಡ ಕೆಲವು ವಾರಗಳಲ್ಲಿ ತಗ್ಗಿ ಕಣ್ಣು ತಿಳಿಯಾಗಬಹುದು. ನಾರುಗಟ್ಟಿದ ಭಾಗ ಮಾತ್ರ ಸಡಿಲಗೊಳ್ಳುವುದಿಲ್ಲ. ಈ ನಡುವೆ ಕೊಟ್ಟ ಔಷಧಿಗೇ ಗುಣದ ಕೀರ್ತಿ ಸಲ್ಲುತ್ತದೆ.

ಇದು ಕುಡಿತದ ರೋಗವೆಂಬ ಭಾವನೆಯೂ ಅಪೂರ್ಣ. ಮದ್ಯಪಾನ ಪ್ರಮುಖ ಕಾರಣವೆಂಬುದು ನಿಜ. ಆದರೆ ಮದ್ಯವನ್ನೇ ಮುಟ್ಟದ ಯುವಕ ಯುವತಿಯರಲ್ಲಿ ಗ್ರಂಥಿಯ ತುಂಬ ಕಲ್ಲುಗಳುಂಟಾಗುವ ಬಗೆಯನ್ನು ಜೂಡೆಮಾ 1959ರಲ್ಲಿ ಇಂಡೋನೇಷ್ಯದಿಂದ ವರದಿ ಮಾಡಿದರು. ನೆರೆಯ ಕೇರಳದಲ್ಲಿ ಗೀವರ್ಗೀಸ್ ಅದನ್ನು ವಿಸ್ತಾರವಾಗಿ ಅಭ್ಯಸಿಸಿದರು. ಒಮ್ಮೆ ಮರಗೆಣಸಿನ ಮೇಲೆ ಹೊರಿಸಲಾಗಿದ್ದ ಆರೋಪ ಈಗ ದುರ್ಬಲಗೊಂಡು, ಅನುವಂಶೀಯ ಅಂಶಗಳಿಗೆ ಹೆಚ್ಚಿನ ಮಹತ್ವ ದೊರೆತಿದೆ. ಆದ್ದರಿಂದ ಕುಡಿಯದವನೆಂಬ ಕಾರಣಕ್ಕೆ ಈ ರೋಗದ ಶಂಕೆಯನ್ನು ತಳ್ಳಿಹಾಕುವುದು ಸಲ್ಲದು.

ಸಂಕುಚನವು ಬಹುಕಾಲ ಮೌನವಾಗಿರಬಲ್ಲದು. ರಕ್ತದಲ್ಲಿ ಆಲ್ಕಲೈನ್ ಫಾಸ್ಫಟೇಸ್ ಪ್ರಮಾಣ ತಿಂಗಳಾದರೂ ಇಳಿಯದೆ ಏರಿಯೇ ಇರುವುದು ಅದರ ಮುಖ್ಯ ಸುಳಿವು. ಅಲ್ಟ್ರಾಸೌಂಡ್‌ನಲ್ಲಿ ಮೇಲ್ಭಾಗದ ನಾಳ ಹಿಗ್ಗಿರುವುದು ತೋರುತ್ತದೆ, ಎಂ.ಆರ್.ಸಿ.ಪಿ. ಚಿತ್ರದಲ್ಲಿ ಕಿರಿದಾದ ಭಾಗ ಸಾಮಾನ್ಯವಾಗಿ ಉದ್ದವಾಗಿ, ನಯವಾಗಿ ಮೊನಚಾಗುತ್ತ ಹೋಗುತ್ತದೆ. ಥಟ್ಟನೆ ಕಡಿದಂತಿದ್ದರೆ ಕ್ಯಾನ್ಸರಿನ ಶಂಕೆ ಮೂಡಬೇಕು. ದೀರ್ಘಕಾಲಿಕ ಉರಿಯೂತವುಳ್ಳವರಲ್ಲಿ ಆ ಅಪಾಯವೂ ಹೆಚ್ಚು. ಅಡಚಣೆ ಹಾಗೆಯೇ ಮುಂದುವರಿದರೆ ಪಿತ್ತನಾಳದ ಸೋಂಕು, ಕೊನೆಗೆ ಯಕೃತ್ತಿನ ಸಿರೋಸಿಸ್ ಉಂಟಾಗಬಹುದು. ಆದರೂ ಆಶಾದಾಯಕ ಸಂಗತಿಯೊಂದಿದೆ: 2001ರಲ್ಲಿ ಫ್ರಾನ್ಸಿನ ವೈದ್ಯರು ಪ್ರಕಟಿಸಿದ ಅಧ್ಯಯನದಲ್ಲಿ, ಪಿತ್ತದ ಹರಿವನ್ನು ಶಸ್ತ್ರಕ್ರಿಯೆಯಿಂದ ಸರಿಪಡಿಸಿದ ಬಳಿಕ ಕೆಲವು ರೋಗಿಗಳ ಯಕೃತ್ತಿನ ನಾರುಗಟ್ಟುವಿಕೆ ಹಿಮ್ಮೆಟ್ಟಿತ್ತು. ಸಕಾಲದ ಬೆಲೆ ಇಲ್ಲಿದೆ.

ಚಿಕಿತ್ಸೆಯ ಆಯ್ಕೆಯಲ್ಲಿ ದೂರವೂ ಒಂದು ವೈದ್ಯಕೀಯ ಅಂಶ. ಪ್ಲಾಸ್ಟಿಕ್ ಸ್ಟೆಂಟುಗಳನ್ನು ಸಾಮಾನ್ಯವಾಗಿ ಮೂರು ತಿಂಗಳಿಗೊಮ್ಮೆ ಬದಲಿಸಬೇಕು. ಹೊದಿಕೆಯುಳ್ಳ ಲೋಹದ ಸ್ಟೆಂಟನ್ನು ವರ್ಷದ ಮಟ್ಟಿಗೆ ಇರಿಸಿ ತೆಗೆಯಬಹುದು. 164 ರೋಗಿಗಳನ್ನೊಳಗೊಂಡು 2021ರಲ್ಲಿ ಪ್ರಕಟವಾದ ಬಹುರಾಷ್ಟ್ರೀಯ ಪರೀಕ್ಷೆಯಲ್ಲಿ ಎರಡು ವರ್ಷಗಳ ಕೊನೆಗೆ ಎರಡೂ ವಿಧಾನಗಳ ಯಶಸ್ಸು ಮುಕ್ಕಾಲು ಪಾಲಿನಷ್ಟೇ ಇತ್ತು. ಅಂತರ್ದರ್ಶಕ ಕ್ರಿಯೆಗಳ ಸರಾಸರಿ ಮಾತ್ರ ಲೋಹದಲ್ಲಿ ಎರಡೂವರೆಯಷ್ಟು, ಪ್ಲಾಸ್ಟಿಕ್‌ನಲ್ಲಿ ನಾಲ್ಕರಷ್ಟು. ಅರಸೀಕೆರೆಯಿಂದ ಬೆಂಗಳೂರಿಗೆ ರೈಲಿನಲ್ಲಿ ಸುಮಾರು 165 ಕಿ.ಮೀ.; ಹಳೇಬೀಡಿನವರಿಗೆ ಮೊದಲು ಬಸ್ಸಿನ ಪಯಣ. ಕೂಲಿ ಬಿಟ್ಟು, ಜೊತೆಗೊಬ್ಬರನ್ನು ಕರೆದುಕೊಂಡು ನಾಲ್ಕು ಬಾರಿ ಹೋಗಬೇಕಾದವರ ಪಾಲಿಗೆ ಈ ಅಂಕಿ ಸಣ್ಣದಲ್ಲ. ತಲೆಭಾಗದಲ್ಲಿ ಕಲ್ಲುಗಳು ಹೆಚ್ಚಾಗಿದ್ದರೆ ಪ್ಲಾಸ್ಟಿಕ್ ಸ್ಟೆಂಟ್ ಸೋಲುವುದೂ ಹೆಚ್ಚು. ಅಂತಹವರಿಗೆ, ಮತ್ತು ಮರುಭೇಟಿಗೆ ಬರುವ ಭರವಸೆಯಿಲ್ಲದವರಿಗೆ, ನಾಳವನ್ನು ಕರುಳಿಗೆ ಜೋಡಿಸುವ ಶಸ್ತ್ರಕ್ರಿಯೆಯೇ ಮೇಲು.

ಹಾಸನದಲ್ಲಿ 2006ರಿಂದ ಸರ್ಕಾರಿ ವೈದ್ಯಕೀಯ ಕಾಲೇಜಿದೆ. ರಕ್ತಪರೀಕ್ಷೆ, ಅಲ್ಟ್ರಾಸೌಂಡ್‌ಗಳಿಗೆ ರಾಜಧಾನಿಯವರೆಗೆ ಹೋಗಬೇಕಿಲ್ಲ. ನಗರದಲ್ಲಿ ಸ್ಟೆಂಟ್ ಅಳವಡಿಸಿಕೊಂಡು ಊರಿಗೆ ಮರಳುವವರ ಬಿಡುಗಡೆ ಪತ್ರದಲ್ಲಿ ಅದನ್ನು ತೆಗೆಯಬೇಕಾದ ದಿನಾಂಕವನ್ನು ಕನ್ನಡದಲ್ಲಿ ಬರೆದಿರಬೇಕು. ಅಂತಹವರಿಗೆ ಚಳಿಜ್ವರ ಬಂದು ಕಣ್ಣು ಹಳದಿಯಾದರೆ ಅದು ಸ್ಟೆಂಟ್ ಕಟ್ಟಿಕೊಂಡ ಸೂಚನೆಯಾಗಿರಬಹುದು; ಅಂದೇ ಆಸ್ಪತ್ರೆಗೆ ಸೇರಿಸಬೇಕು.