ಮೈಕು ಯಾರದ್ದು, ಮಾತು ಯಾರದ್ದು?

ಆಳಂದ, ಅಫಜಲಪುರ, ಜೇವರ್ಗಿ ಕಡೆ ಬಂದು ನೆಲೆಸಿರುವ ನಮಗೂ, ಊರಲ್ಲಿರುವ ನಿಮಗೂ ಮ್ಯಾಚ್ ಇರುವ ರಾತ್ರಿ ಕೇಳಿಸೋದು ಒಂದೇ ದನಿ, ಟಿವಿಯ ವೀಕ್ಷಕ ವಿವರಣೆಗಾರರದ್ದು. ಅವರನ್ನು ಅಲ್ಲಿ ಕೂರಿಸಿದವರು ಯಾರು ಅಂತ ನಾವು ಕೇಳೋದು ಕಡಿಮೆ.

2016ರ ಮಾರ್ಚ್ 23 ನೆನಪಿರಬಹುದು. ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣ. ಬಾಂಗ್ಲಾದೇಶಕ್ಕೆ ಕೊನೆಯ ಮೂರು ಎಸೆತಕ್ಕೆ ಎರಡು ರನ್ ಸಾಕಿತ್ತು. ಮೂರಕ್ಕೂ ವಿಕೆಟ್ ಬಿತ್ತು, ಭಾರತ ಒಂದು ರನ್ನಿನಿಂದ ಗೆದ್ದಿತು. ಅದರ ಬೆನ್ನಿಗೇ ಅಮಿತಾಭ್ ಬಚ್ಚನ್, ಭಾರತದ ವಿವರಣೆಗಾರರು ಬೇರೆಯವರಿಗಿಂತ ನಮ್ಮ ಆಟಗಾರರ ಬಗ್ಗೆ ಹೆಚ್ಚು ಮಾತಾಡಬೇಕು ಅಂತ ಟ್ವೀಟ್ ಮಾಡಿದರು. ಯಾರ ಹೆಸರನ್ನೂ ಹೇಳಲಿಲ್ಲ. ನಾಯಕ ಧೋನಿ ದನಿಗೂಡಿಸಿದರು. ಕೆಲವೇ ದಿನಗಳಲ್ಲಿ ಐಪಿಎಲ್ ಬಂತು, ವಿವರಣೆಗಾರರ ಪಟ್ಟಿಯಲ್ಲಿ ಹರ್ಷ ಭೋಗ್ಲೆ ಇರಲಿಲ್ಲ. ಕಾರಣ ಏನೆಂದು ತಮಗೆ ಯಾರೂ ತಿಳಿಸಿಲ್ಲ ಎಂದು ಅವರೇ ಬರೆದುಕೊಂಡರು. ಟ್ವೀಟೇ ಕಾರಣ ಅಂತ ನಾವು ಹೇಳಲಾರೆವು. ಆದರೆ ಕಾರಣ ಹೇಳದೆ ಒಬ್ಬರನ್ನು ತೆಗೆದರೆ ಉಳಿದವರು ತಾವೇ ಊಹಿಸಿಕೊಂಡು ನಾಲಿಗೆ ಬಿಗಿ ಹಿಡಿಯುತ್ತಾರಲ್ಲ, ನಷ್ಟ ಇರೋದು ಅಲ್ಲಿ.

ಆಸ್ಟ್ರೇಲಿಯಾದ ಇಯಾನ್ ಚಾಪೆಲ್ 2013ರಲ್ಲಿ ಬೇರೆ ದಾರಿ ಹಿಡಿದರು. ತಂಡದ ಆಯ್ಕೆ, ಮಂಡಳಿಯ ಆಡಳಿತ, ಡಿಆರ್‌ಎಸ್, ಈ ಮೂರರ ಬಗ್ಗೆ ಮಾತಾಡುವಂತಿಲ್ಲ ಎಂದಾಗ ಕೆಲಸವೇ ಬೇಡ ಅಂದರು. ಎಲ್ಲರಿಗೂ ಹಾಗೆ ಅನ್ನಲು ಆಗಬೇಕಲ್ಲ!

ಸಂಜಯ್ ಮಾಂಜ್ರೇಕರ್ ಕಥೆ ನೋಡಿ. 2019ರ ವಿಶ್ವಕಪ್ ವೇಳೆ ರವೀಂದ್ರ ಜಡೇಜ ಬಗ್ಗೆ ಹಗುರವಾಗಿ ಮಾತಾಡಿದರು. ಜಡೇಜ ಟ್ವಿಟರಿನಲ್ಲಿ ಜಾಡಿಸಿದರು, ಸೆಮಿಫೈನಲ್‌ನಲ್ಲಿ 77 ರನ್ ಹೊಡೆದು ಬ್ಯಾಟಿನಲ್ಲೂ ಉತ್ತರ ಕೊಟ್ಟರು. ಲೆಕ್ಕ ಅಲ್ಲಿಗೇ ಚುಕ್ತಾ ಆಗಬೇಕಿತ್ತು. 2020ರ ಮಾರ್ಚ್‌ನಲ್ಲಿ ಮಂಡಳಿ ಅವರನ್ನು ಕೈಬಿಟ್ಟಿತು. ನಿಯಮ ಪಾಲಿಸುತ್ತೇನೆ ಎಂದು ಅವರು ಮಂಡಳಿಗೆ ಬರೆದರೂ ಆ ವರ್ಷದ ಐಪಿಎಲ್‌ಗೆ ಕರೆ ಬರಲಿಲ್ಲ. ಟೀಕೆ ಮಾಡುತ್ತಿದ್ದವರೇ ಹೀಗೆ ಬರೆಯಬೇಕಾಗಿ ಬಂದದ್ದು ನಮಗೆ ಜಡೇಜ ಜಗಳಕ್ಕಿಂತ ಹೆಚ್ಚು ಬೇಸರ ತಂದಿತು.

ಅಮೆರಿಕದಲ್ಲೂ ತಂಡವನ್ನು ಹೊಗಳುವ ವಿವರಣೆಗಾರರಿದ್ದಾರೆ. ಆದರೆ ಸೋತ ಮರುದಿನ ಬೆಳಿಗ್ಗೆ ಅದೇ ತಂಡವನ್ನು ತರಾಟೆಗೆ ತೆಗೆದುಕೊಳ್ಳುವ ರೇಡಿಯೊ ನಿರೂಪಕರೂ ಇದ್ದಾರೆ. ನ್ಯೂಯಾರ್ಕಿನಲ್ಲಿ 1987ರಿಂದ ಇಡೀ ದಿನ ಕ್ರೀಡೆಯ ಮಾತೇ ಆಡುವ ಸ್ಟೇಷನ್ ಇದೆ, ಕೇಳುಗರೂ ಫೋನ್ ಮಾಡಿ ಬೈಯುತ್ತಾರೆ. ಈ ಇಬ್ಬರಿಗೂ ಆಗಿಬರೋದಿಲ್ಲ. ಕೇಳುಗನಿಗೆ ಮಾತ್ರ ಎರಡೂ ಕಡೆ ಸಿಗುತ್ತದೆ.

ನಮ್ಮಲ್ಲಿ? ಖಾಸಗಿ ಎಫ್‌ಎಂಗೆ ಸ್ವಂತ ವಾರ್ತೆ ಓದಲು ಅನುಮತಿಯಿಲ್ಲ. ಆಟದ ಮಾಹಿತಿ ಹೇಳಬಹುದು, ಸ್ಥಳೀಯ ಪಂದ್ಯಕ್ಕೆ ವಿವರಣೆಯನ್ನೂ ಕೊಡಬಹುದು. ಆದರೂ ಹಾಡು, ತಮಾಷೆಯಲ್ಲೇ ಹೊತ್ತು ಹೋಗುತ್ತದೆ. ಉಳಿದದ್ದು ಆಕಾಶವಾಣಿ. 2019ರ ಸೆಪ್ಟೆಂಬರ್‌ನಲ್ಲಿ ಅದು ಮಂಡಳಿಯ ಜೊತೆ ಒಪ್ಪಂದ ಮಾಡಿಕೊಂಡು ದೇಶದೊಳಗಿನ ಪಂದ್ಯಗಳ ವಿವರಣೆ ಶುರುಮಾಡಿತು, ಇಂಗ್ಲಿಷ್ ಮತ್ತು ಹಿಂದಿಯಲ್ಲಿ. ಜೇವರ್ಗಿಯ ತೊಗರಿ ಹೊಲದಲ್ಲಿ ರೇಡಿಯೊ ಹಿಡಿದು ಕೂತವನ ಕನ್ನಡ ಆ ಒಪ್ಪಂದದಲ್ಲಿ ಇರಲಿಲ್ಲ.